ಕೊಡ ಕೈಯಲ್ಲಿದೆಯಾ?

ನನಗೆ ಇಂಗ್ಲಿಷ್ ಹೇಳಿಕೊಟ್ಟು ಎಸ್ಸೆಲ್ಸಿ ದಾಟಿಸಿದ ಗಿರಿಜಾದೇವಿ ಮೇಡಂ, ತಾವೇ ಎಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಫೇಲಾಗಿದ್ದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಬಚ್ಚಿಟ್ಟು ಆಮೇಲೆ ಢಂ ಅನ್ನಿಸುವ ಚಪಲ ಕಥೆ ಹೇಳುವವರಿಗೆಲ್ಲ ಇರುತ್ತದೆ, ನನಗೂ ಇದೆ. ಆದರೆ ಆ ಗುಟ್ಟು ಹೊತ್ತು ಅವರು ಪಟ್ಟ ಪಾಡನ್ನು ಹತ್ತಿರದಿಂದ ನೋಡಿದವಳು ನಾನು. ಅದರ ಜೊತೆ ಆಟ ಆಡಲು ಮನಸ್ಸಿಲ್ಲ.

ವಿಜಯನಗರದ ನಮ್ಮ ಬೀದಿಯಲ್ಲಿ ಎಂಬತ್ತೈದನೇ ಇಸವಿಯ ಸುಮಾರಿಗೆ ಫೇಲಾಗುವುದು ದೊಡ್ಡ ಸಂಗತಿಯೇ ಅಲ್ಲ. "ಏನಾಯ್ತಮ್ಮ ರಿಸಲ್ಟು?" ಅಂದರೆ "ಇಂಗ್ಲಿಷ್ ಒಂದು ಹೋಯ್ತು ಆಂಟಿ" ಅನ್ನುತ್ತಿದ್ದೆವು, ಕರೆಂಟು ಹೋಯ್ತು ಅನ್ನುವಷ್ಟೇ ಸಲೀಸಾಗಿ. ನನ್ನದು ಎರಡು ಸಲ ಹೋಗಿತ್ತು. ನಮ್ಮಪ್ಪ ವೆಂಕಟಸ್ವಾಮಿ ಮಾಗಡಿ ರಸ್ತೆಯ ಗಿರಣಿಯಲ್ಲಿದ್ದರು. ಅಮ್ಮ ನರಸಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. "ತುಂಗಾ, ಸಾಕು ನಿನ್ನ ಇಂಗ್ಲಿಷು. ಬಂದು ಬತ್ತಿ ಹೊಸಿ. ಬತ್ತಿ ಯಾರನ್ನೂ ಫೇಲ್ ಮಾಡಲ್ಲ" ಅನ್ನುತ್ತಿದ್ದಳು. ಮಾತಿಗೇನೂ ಬರ ಇರಲಿಲ್ಲ ನಮ್ಮಮ್ಮನಿಗೆ.

ಗಿರಿಜಾದೇವಿಯವರದು ನಮ್ಮ ಎದುರು ಮನೆ. ಹರಿಹರದ ಕಡೆಯವರು. ಗಂಡ ಚನ್ನವೀರಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಹಣೆಗೆ ವಿಭೂತಿ, ಬಾಯಿಗೆ ಬೀಗ. ಒಬ್ಬಳೇ ಮಗಳು ಶಾಲೆಗೆ ಹೋಗುತ್ತಿದ್ದಳು. ಮನೆಯಲ್ಲಿ ಮಾತಾಡುವ ಕೆಲಸವನ್ನೆಲ್ಲ ಅತ್ತೆ ಶಿವಗಂಗಮ್ಮನವರೇ ವಹಿಸಿಕೊಂಡಿದ್ದರು. ಅವರು ಓದು ಬರಹ ಬರದವರು, ಬೆಳಗಾದರೆ ಜಗಲಿಯ ಕಂಬಕ್ಕೆ ಒರಗಿ ಕೂತು ಬೀದಿಯ ಉಸ್ತುವಾರಿ ನೋಡುತ್ತಿದ್ದರು. ಬಳೆಯವಳು ಬರಲಿ, ಹೂವಿನವಳು ಬರಲಿ, ದಾರಿ ತಪ್ಪಿ ವಿಳಾಸ ಕೇಳುವವನೇ ಬರಲಿ, ಎರಡು ಮಾತು ಆಗುವುದರೊಳಗೆ ಅವರ ಬಾಯಿಂದ ಒಂದು ವಾಕ್ಯ ಬಂದೇ ಬರುತ್ತಿತ್ತು: "ನಮ್ ಸೊಸಿ ಎಸ್ಸೆಲ್ಸಿ ಪಾಸಾಗ್ಯಾಳೆ."

ಆ ವಾಕ್ಯ ಬಂದಾಗಲೆಲ್ಲ ಸೊಸೆಗೆ ಒಳಗೆ ಏನೋ ಕೆಲಸ ಬೀಳುತ್ತಿತ್ತು. ಹಾಲು ಉಕ್ಕುತ್ತಿದೆ, ಸಾರು ಸೀಯುತ್ತಿದೆ ಅಂತ ಎದ್ದು ಹೋಗಿಬಿಡುತ್ತಿದ್ದರು. ಹೊಗಳಿಕೆಗೆ ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆವು. ಸಂಗತಿ ಬೇರೆಯೇ ಇತ್ತು, ಮೇಡಂ ಅದನ್ನು ನನಗೆ ಹೇಳಿದ್ದು ಎಲ್ಲ ಬಯಲಾದ ಮೇಲೆ.

ಹೆಣ್ಣು ನೋಡಲು ಬಂದಾಗ ಶಿವಗಂಗಮ್ಮನವರು ಇಟ್ಟ ಷರತ್ತು ಒಂದೇ. ತಮಗಂತೂ ಅಕ್ಷರ ಬರಲಿಲ್ಲ, ಸೊಸೆ ಎಸ್ಸೆಲ್ಸಿ ಪಾಸಾದವಳೇ ಆಗಬೇಕು. ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. "ಪಾಸಾದ ಹಾಗೇ ತಿಳ್ಕೊಳ್ಳಿ" ಅಂದರು ಹುಡುಗಿಯ ಅಪ್ಪ. ಲಗ್ನಪತ್ರಿಕೆ ಅಚ್ಚಾದ ಮೇಲೆ ಫಲಿತಾಂಶ ಬಂತು, ಇಂಗ್ಲಿಷ್ ಹೋಗಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಅವರಪ್ಪ ಹೇಳಿದ್ದು ಒಂದೇ ಸುಳ್ಳು. ಹೇಳಿ ಅವರು ಹಗುರಾದರು. ಹುಡುಗಿ ಮಾತ್ರ ಅದನ್ನು ತವರಿನ ಪಾತ್ರೆ ಪಡಗದ ಜೊತೆ ಹೊತ್ತುಕೊಂಡು ಬೆಂಗಳೂರಿಗೆ ಬಂದಳು.

ಸುಳ್ಳು ಚುಚ್ಚುತ್ತಿತ್ತು. ಅದಕ್ಕೇ ಕದ್ದು ಓದಲು ಶುರು ಮಾಡಿದರು. ಗಂಡನ ಹಳೆಯ ವ್ಯಾಕರಣದ ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟುಕೊಂಡು, ಅತ್ತೆ ಮಧ್ಯಾಹ್ನ ಮಲಗಿದಾಗ ತೆಗೆಯುತ್ತಿದ್ದರಂತೆ. ಉಳಿದದ್ದೆಲ್ಲ ಹೇಗೋ ತಲೆಗೆ ಹೋಯಿತು, ಟೆನ್ಸ್ ಮಾತ್ರ ಹೋಗಲೊಲ್ಲದು. ಅದರಲ್ಲೂ ಪ್ರೆಸೆಂಟ್ ಪರ್ಫೆಕ್ಟ್ ಅನ್ನುವುದು. ಕೆಲಸ ಮುಗಿದ ಮೇಲೆ ಅದು ಭೂತಕಾಲ ತಾನೇ? ಮುಗಿದದ್ದಕ್ಕೆ ಪ್ರೆಸೆಂಟ್ ಅಂತ ಹೆಸರು ಯಾಕೆ? ಪುಸ್ತಕದಲ್ಲಿ ವಿವರಣೆ ಇತ್ತು. ಆದರೆ ವಿವರಣೆಯೂ ಇಂಗ್ಲಿಷಿನಲ್ಲೇ ಇತ್ತು!

ಬಿಡಿಸಿದ್ದು ನಮ್ಮ ಬೀದಿ ನಲ್ಲಿ. ಮೇಡಂ ಮನೆಯ ಜಗಲಿಯ ಮುಂದೆಯೇ ಆ ನಲ್ಲಿ, ದಿನ ಬಿಟ್ಟು ದಿನ ನಸುಕಿನಲ್ಲಿ ನೀರು. ಹಿಂದಿನ ಸಂಜೆಯೇ ಕೊಡಗಳ ಸಾಲು ಇಟ್ಟಿರುತ್ತಿದ್ದೆವು. ಒಂದು ದಿನ ನಮ್ಮಮ್ಮ "ನೀರು ಬಂತೂ!" ಅಂತ ಕೂಗಿದಳು, ಎಲ್ಲರೂ ಮನೆಯಲ್ಲಿ ಉಳಿದ ಕೊಡಗಳನ್ನೂ ಹಿಡಿದು ಓಡಿದರು. ಅದೇ ದಿನ ಹೊತ್ತೇರಿದ ಮೇಲೆ ಹೊಸದಾಗಿ ಬಾಡಿಗೆಗೆ ಬಂದವರು ಬಂದು "ಇವತ್ತು ನೀರು ಬಂತಾ?" ಅಂದರು. "ಬಂತು" ಅಂದಳು ಅಮ್ಮ. ಪಾಪ, ಅವರು ಖಾಲಿ ಕೊಡ ಕೆಳಗಿಟ್ಟು ನಮ್ಮ ಬೀದಿಯನ್ನೂ ಕಾರ್ಪೊರೇಷನ್ನನ್ನೂ ಒಟ್ಟಿಗೆ ಬೈದರು. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಗಿರಿಜಾದೇವಿಯವರಿಗೆ ಆಗ ಹೊಳೆಯಿತು. ಎರಡು ಸಲವೂ ಅಮ್ಮ ಹೇಳಿದ್ದು ಬಂತು ಅಂತಲೇ. ಆದರೆ ಒಂದು ಬಂತು ಕೇಳಿದರೆ ಕೊಡ ಎತ್ತಬೇಕು, ಇನ್ನೊಂದು ಬಂತು ಕೇಳಿದರೆ ಕೊಡ ಇಳಿಸಬೇಕು. ಇಂಗ್ಲಿಷಿನವರು ಆ ಎರಡಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದಾರೆ, ಅಷ್ಟೇ. "ಕೈಲಿದ್ದ ಸೊಪ್ಪು ಹಾಗೇ ಬಿಟ್ಟು ಅಳಬೇಕು ಅನ್ನಿಸ್ತು ತುಂಗಾ" ಅಂದರು ಆಮೇಲೆ ಒಂದು ದಿನ ನನ್ನ ಹತ್ತಿರ. ಒಂದು ಟೆನ್ಸ್ ಅರ್ಥವಾಯಿತು ಅಂತ ಅಳುವವರೂ ಇದ್ದಾರೆ ಅಂತ ನನಗೆ ಗೊತ್ತಾದದ್ದು ಅವತ್ತೇ.

ಪಾಠ ಶುರುವಾದದ್ದು ನನ್ನಿಂದ. ನಾನು ಎರಡನೇ ಸಲ ಫೇಲಾಗಿ, ನೀರಿನ ಸರದಿಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದಾಗ ಅವರೇ ಕರೆದರು. "ಬಾರೇ ಇಲ್ಲಿ. ನೀರು ಬರೋವರೆಗೂ ಕೂತ್ಕೋ, ಟೆನ್ಸ್ ಹೇಳ್ಕೊಡ್ತೀನಿ." ನಲ್ಲಿ ಬುಸ್ ಅಂತ ಬರೀ ಗಾಳಿ ಬಿಡುತ್ತಿತ್ತು. "ಈಗೇನಾಗ್ತಾ ಇದೆ? ವಾಟರ್ ಈಸ್ ಕಮಿಂಗ್." ದಿನ ಬಿಟ್ಟು ದಿನ ಬರುತ್ತೆ ಅನ್ನುವುದಕ್ಕೆ ವಾಟರ್ ಕಮ್ಸ್. ನೀರು ಬಿದ್ದ ಕೂಡಲೇ ವಾಟರ್ ಹ್ಯಾಸ್ ಕಮ್, ಓಡು! ನಿಂತ ಮೇಲೆ ವಾಟರ್ ಕೇಮ್, ಬೈಕೋ! ಎಲ್ಲಿ ಅನುಮಾನ ಬಂದರೂ ಅವರದು ಒಂದೇ ಪ್ರಶ್ನೆ: "ಕೊಡ ಕೈಯಲ್ಲಿದೆಯಾ?" ಆದದ್ದರ ಭಾರ ಇನ್ನೂ ಕೈಯಲ್ಲಿದ್ದರೆ ಹ್ಯಾಸ್, ಹ್ಯಾವ್ ಹಾಕು. ಇಳಿಸಿ ಆಗಿದ್ದರೆ ಬೇಡ.

ಒಬ್ಬಳಿದ್ದವಳು ನಾಲ್ವರಾದೆವು, ಆಮೇಲೆ ಜಗಲಿ ಸಾಲದಷ್ಟು ಜನ. ಎಲ್ಲರೂ ಇಂಗ್ಲಿಷ್ ಹೋದವರೇ. ಮೇಡಂ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಅದರ ಬದಲು ಒಂದು ಪದ್ಧತಿ ತಾನಾಗಿಯೇ ಬಿತ್ತು: ಅವರ ಮನೆಯ ಕೊಡಗಳನ್ನು ಸರದಿಯಲ್ಲಿ ಇಟ್ಟು ತುಂಬಿಸಿ ಒಳಗೆ ಇಳಿಸುವುದು ನಮ್ಮ ಕೆಲಸ. ಮೇಡಂ ಪುಸ್ತಕ ಹಿಡಿದು ಕೂತಿರುವುದು, ಶಿಷ್ಯರು ನೀರು ಹೊರುವುದು. ಗುರುಕುಲ ನೋಡಿ! ಶಿವಗಂಗಮ್ಮನವರಿಗೆ ಅದನ್ನು ನೋಡಿ ನೋಡಿ ಹೊಟ್ಟೆ ತುಂಬುತ್ತಿತ್ತು. ಬೀದಿಗೂ ಹುಚ್ಚು ಹತ್ತಿತು. ಹೆಬ್ಬೆಟ್ಟಿನ ನಮ್ಮಮ್ಮ ಕೂಡ ನೀರು ಬಂದಾಗ "ವಾಟರ್ ಹ್ಯಾಸ್ ಕಮ್" ಅಂತ ಕೂಗಿ ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದಳು.

ನಮ್ಮಲ್ಲಿ ಹಿರಿಯ ನಾಗರಾಜು. ಮೂಡಲಪಾಳ್ಯದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ, ದಪ್ಪ ಮೀಸೆ. ಎಷ್ಟು ಸಲ ಕಟ್ಟಿದ್ದ ಅಂತ ಅವನೇ ಲೆಕ್ಕ ಬಿಟ್ಟಿದ್ದ. ಒಂದು ದಿನ ಕೇಳಿದ, "ಮೇಡಂ, ನಾನು ಫೇಲಾದೆ ಅನ್ನೋಕೆ ಯಾವ್ದು? ಐ ಫೇಲ್ಡಾ, ಐ ಹ್ಯಾವ್ ಫೇಲ್ಡಾ?"

ಮೇಡಂ ಕೈಲಿದ್ದ ಪುಸ್ತಕ ಮುಚ್ಚಿದರು. "ನಿನಗೇ ಗೊತ್ತಲ್ಲೋ. ಪಾಸಾಗೋವರೆಗೂ ಅದನ್ನ ಕೆಳಗಿಡೋಕಾಗಲ್ಲ" ಅಂದರು. ಅಂದವರೇ ಸಾರು ಸೀಯುತ್ತಿದೆ ಅಂತ ಒಳಗೆ ಹೋದರು. ಆ ಹೊತ್ತಿಗೆ ಒಲೆ ಕೂಡ ಹಚ್ಚಿರಲಿಲ್ಲ.

ಹೀಗಿರುವಾಗ ಪಕ್ಕದ ಬೀದಿಯಲ್ಲಿ ಒಬ್ಬ ಹೆಂಗಸು ನರ್ಸರಿ ಸ್ಕೂಲು ತೆಗೆಯುವ ತಯಾರಿಯಲ್ಲಿದ್ದರು. ಜಗಲಿಯ ಪಾಠದ ಸುದ್ದಿ ಕೇಳಿ ತಾವೇ ಬಂದರು. "ನಿಮ್ಮಂಥವರೇ ನಮಗೆ ಬೇಕಾಗಿರೋದು. ಹೊಸ ವರ್ಷದಿಂದ ಬಂದ್ಬಿಡಿ. ಎಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒಂದು ತಂದ್ರೆ ಆಯ್ತು." ಮೇಡಂ ಬಾಯಿ ತೆರೆಯುವ ಮೊದಲೇ ಶಿವಗಂಗಮ್ಮನವರು "ಕೊಡ್ತಾಳವ್ವ, ಅದಕ್ಕೇನು" ಅಂದುಬಿಟ್ಟರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು, ಸೊಸೆ ಟೀಚರಾಗುತ್ತಾಳೆ ಅಂತ. ರಾತ್ರಿ ಟ್ರಂಕು ಇಳಿಸಿ ಕಾರ್ಡು ಹುಡುಕಿಸಿದರಂತೆ. ತವರಲ್ಲಿ ಉಳಿದಿದೆ ಅಂದರು ಮೇಡಂ. "ಹಂಗಾದ್ರೆ ತರಿಸ್ಕೋ" ಅಂದರು ಅತ್ತೆ.

ಇಲ್ಲದ ಕಾರ್ಡನ್ನು ಎಲ್ಲಿಂದ ತರಿಸುವುದು? ಆಗ ಮೊದಲ ಸಲ ಮೇಡಂ ಗಂಡನಿಗೆ ನಿಜ ಹೇಳಿದರು. ಚನ್ನವೀರಪ್ಪನವರು ಊಟದ ತಟ್ಟೆಯನ್ನೇ ನೋಡುತ್ತಾ ಕೂತಿದ್ದು, "ಅವ್ವಗೆ ಗೊತ್ತಾಗಬಾರ್ದು" ಅಂದರಂತೆ. ಮಾರನೆಯ ದಿನ ಅಕ್ಟೋಬರ್ ಪರೀಕ್ಷೆಗೆ ಖಾಸಗಿಯಾಗಿ ಕೂರುವ ಅರ್ಜಿ ತಂದುಕೊಟ್ಟರು. ಆ ಮನುಷ್ಯ ಮಾಡಿದ್ದು ಅಷ್ಟೇ. ಅಷ್ಟಾದರೂ ಮಾಡಿದರಲ್ಲ ಅನ್ನುತ್ತೇನೆ ನಾನು.

ನಾವೂ ಅದೇ ಪರೀಕ್ಷೆಗೆ ಕಟ್ಟಿದ್ದೆವು. ನಮಗೆ ಮೇಡಂ, "ಆ ದಿನ ನಾನು ಇರಲ್ಲ, ಇಲ್ಲೇ ಬೆಂಗಳೂರಲ್ಲಿ ತವರಿನ ಕಡೆ ನೆಂಟರ ಗೃಹಪ್ರವೇಶ. ನೀವು ಚೆನ್ನಾಗಿ ಬರೀರಿ" ಅಂದಿದ್ದರು. ಅತ್ತೆಗೂ ಗೃಹಪ್ರವೇಶ ಅಂತಲೇ ಹೇಳಿದ್ದರಂತೆ. ಬೇರೆ ಸ್ಕೂಲಿನಲ್ಲಿ ನಂಬರ್ ಬೀಳಲಿ ಅಂತ ಬಸವಣ್ಣನಿಗೆ ಹರಕೆ ಹೊತ್ತಿದ್ದರಂತೆ. ಬಸವಣ್ಣನಿಗೆ ಬೇರೆ ಕೆಲಸ ಇತ್ತು ಅಂತ ಕಾಣುತ್ತೆ.

ರಾಜಾಜಿನಗರದ ಒಂದು ಹೈಸ್ಕೂಲು. ನಾನೂ ನಾಗರಾಜುವೂ ಒಂದೇ ಕೋಣೆ, ಅವನು ನನ್ನ ಪಕ್ಕದ ಸಾಲು. ಮೇಲ್ವಿಚಾರಣೆಗೆ ಬಂದವರು ತೆಳ್ಳಗಿನ ಹೊಸ ಮೇಷ್ಟ್ರು, ಒಬ್ಬರೇ ಇದ್ದರು, ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ಬಾಗಿಲಲ್ಲಿ ಗಿರಿಜಾದೇವಿ ಮೇಡಂ ನಿಂತಿದ್ದರು. ಗಂಜಿ ಹಾಕಿದ ಇಳಕಲ್ ಸೀರೆ, ತುರುಬು, ಕೈಯಲ್ಲಿ ಬ್ಯಾಗು. ನಾನೂ ನಾಗರಾಜುವೂ ಅಭ್ಯಾಸಬಲದಿಂದ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದೆವು. ನಾವು ಎದ್ದದ್ದು ನೋಡಿ ಇಡೀ ಕೋಣೆ ಎದ್ದಿತು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಅಬ್ಬಾ, ಬಂದ್ರಾ ಮೇಡಂ? ಇನ್ನೊಬ್ಬರನ್ನ ಕಳಿಸ್ತೀವಿ ಅಂದಿದ್ರು. ಆ ಎರಡು ಸಾಲಿಗೆ ನೀವು ಕೊಟ್ಬಿಡಿ" ಅಂತ ಉತ್ತರ ಪತ್ರಿಕೆಗಳ ಕಟ್ಟನ್ನು ಅವರ ಕೈಗೆ ಇಟ್ಟೇಬಿಟ್ಟರು.

ಮೇಡಂ ನಮ್ಮನ್ನು ನೋಡಿದರು. ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಅಲ್ಲೇ ಹೇಳಿಬಿಡಬಹುದಿತ್ತು. "ಕೈಗೇ ಕೊಟ್ಬಿಟ್ರು ತುಂಗಾ. ಬಾಯಿ ಬರಲಿಲ್ಲ" ಅಂದರು ಆಮೇಲೆ. ಒಂದೊಂದೇ ಬೆಂಚಿಗೆ ಪತ್ರಿಕೆ ಇಡುತ್ತಾ ಬಂದರು. ನನ್ನ ಹತ್ತಿರ ಬಂದಾಗ "ನಂಬರ್ ಸರಿಯಾಗಿ ಬರಿ" ಅಂತ ಮೆಲ್ಲಗೆ ಅಂದರು, ಎಂದಿನ ಮೇಡಂ ದನಿಯಲ್ಲೇ. ಮೇಡಂ ಗೃಹಪ್ರವೇಶ ಬಿಟ್ಟು ಇಲ್ಲಿಗೆ ಡ್ಯೂಟಿಗೆ ಬಂದಿದ್ದಾರೆ ಅಂದುಕೊಂಡೆ ನಾನು, ದಡ್ಡಿ. ಖುಷಿಯೂ ಆಯಿತು.

ಎಲ್ಲರಿಗೂ ಹಂಚಿ ಮುಗಿಯಿತು. ಅವರ ಕೈಯಲ್ಲಿ ಒಂದು ಪತ್ರಿಕೆ ಉಳಿಯಿತು. ಕೋಣೆಯಲ್ಲಿ ಒಂದು ಬೆಂಚು ಖಾಲಿ ಇತ್ತು, ನಾಗರಾಜುವಿನ ಹಿಂದಿನದು. ಮೇಡಂ ಅಲ್ಲಿಗೆ ಹೋಗಿ, ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರನ್ನು ಒಮ್ಮೆ ನೋಡಿ, ಕೂತರು.

"ಮೇಡಂ, ಅಲ್ಲಿ ಕೂರಬೇಡಿ, ಆ ಸೀಟಿಗೆ ಕ್ಯಾಂಡಿಡೇಟ್ ಬರ್ತಾರೆ" ಅಂದರು ಮೇಷ್ಟ್ರು.

"ಬಂದಿದಾರೆ ಸಾರ್" ಅಂದರು ಮೇಡಂ. "ನಾನೇ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಿಂದಿನ ಬೆಂಚುಗಳಿಂದ ನಗು ಶುರುವಾಯಿತು. ನಾಗರಾಜು ಧಡಕ್ಕನೆ ಎದ್ದ. "ಯಾವನೋ ಅವ್ನು ನಗೋನು? ನಮ್ ಮೇಡಂ ಕಣ್ರೋ ಅವ್ರು!"

"ನಿಮ್ ಮೇಡಂ ಆದ್ರೆ ಇಲ್ಲಿ ಯಾಕಪ್ಪ ಕೂತಿದಾರೆ?" ಅಂದರು ಮೇಷ್ಟ್ರು. ಕೆಟ್ಟ ಮನಸ್ಸಿನಿಂದಲ್ಲ, ತಿಳಿಯದೆ ಕೇಳಿದ್ದು. ಆದರೆ ಅದಕ್ಕಿಂತ ಕೆಟ್ಟ ಪ್ರಶ್ನೆ ಆ ದಿನ ಪ್ರಶ್ನೆಪತ್ರಿಕೆಯಲ್ಲೂ ಇರಲಿಲ್ಲ.

"ಫೇಲಾಗಿದೀನಿ ಸಾರ್, ಅದಕ್ಕೆ" ಅಂದರು ಮೇಡಂ, ಎಲ್ಲರಿಗೂ ಕೇಳುವ ಹಾಗೆ. "ನಾಗರಾಜು, ಕೂತ್ಕೊಂಡು ಬರಿ. ಟೈಮ್ ಹೋಗುತ್ತೆ."

ಹದಿನಾಲ್ಕು ವರ್ಷ ಅತ್ತೆಗೆ ಹೇಳಲಾಗದ ಮಾತನ್ನು ಯಾರೋ ಗೊತ್ತಿಲ್ಲದ ಮೇಷ್ಟ್ರ ಮುಂದೆ ಹೇಳಿಬಿಟ್ಟರು. ನಾನು ಆಗಾಗ ಹಿಂತಿರುಗಿ ನೋಡಿದೆ. ಬಹಳ ಹೊತ್ತು ಅವರು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಮುಗಿದ ಮೇಲೆ ನಮ್ಮ ಕಡೆ ನೋಡದೆ, ಜನರ ನಡುವೆ ನುಸುಳಿ ಹೋಗಿ ಸಿಕ್ಕಿದ ಬಸ್ಸು ಹತ್ತಿದರು.

ಸುದ್ದಿ ಅವರಿಗಿಂತ ಮೊದಲೇ ಬೀದಿ ಮುಟ್ಟಿತ್ತು. ಕೋಣೆಯಲ್ಲಿ ನಕ್ಕವರಲ್ಲಿ ನಮ್ಮ ಬೀದಿಯ ಚಿಕ್ಕಗಂಗಮ್ಮನ ಮಗಳೂ ಇದ್ದಳು. ಚಿಕ್ಕಗಂಗಮ್ಮನಿಗೂ ನೀರಿನ ಸರದಿಗೂ ಮೊದಲಿಂದ ಜಗಳ. ಮೇಡಂ ಮನೆಯ ಕೊಡಗಳನ್ನು ಶಿಷ್ಯರು ಮುಂದೆ ಇಡುತ್ತಾರೆ ಅನ್ನುವುದು ಅವಳ ಹೊಟ್ಟೆಕಿಚ್ಚು. ಅವಳೇ ಹೋಗಿ ಶಿವಗಂಗಮ್ಮನವರಿಗೆ ಹೇಳಿದಳು.

ಮೇಡಂ ಹೊಸ್ತಿಲು ದಾಟುವಾಗ ಅತ್ತೆ ಕಂಬಕ್ಕೆ ಒರಗಿಯೇ ಇದ್ದರು. "ಖರೇ ಏನು?"

"ಹೂಂ ಅತ್ತೆ."

"ಯಾವಾಗ್ಲಿಂದ?"

"ಮದುವೆಗೆ ಮೊದಲಿಂದ."

ಶಿವಗಂಗಮ್ಮನವರು ಎದ್ದು ಒಳಗೆ ಹೋದರು. ಬೈಯಲಿಲ್ಲ, ಅಳಲಿಲ್ಲ. ಆ ದಿನದಿಂದ ಸೊಸೆಯ ಜೊತೆ ಮಾತು ಬಿಟ್ಟರು. ತಟ್ಟೆಗೆ ತಾವೇ ಬಡಿಸಿಕೊಳ್ಳುತ್ತಿದ್ದರು. ಜಗಲಿಗೆ ಬಂದು ಕೂರುವುದನ್ನೂ ನಿಲ್ಲಿಸಿದರು. ನಮ್ಮ ಬೀದಿಗೆ ಆ ಮೌನ ಬೈಗುಳಕ್ಕಿಂತ ಹೆಚ್ಚು ಕೇಳಿಸುತ್ತಿತ್ತು. ಶಿಷ್ಯರೂ ಒಬ್ಬೊಬ್ಬರೇ ತಪ್ಪಿಸಿಕೊಂಡರು. ಕೆಲವರಿಗೆ ಮನೆಯಲ್ಲಿ ಬೇಡ ಅಂದರು, ಕೆಲವರಿಗೆ ಮುಜುಗರ. ನಾನು, ನಾಗರಾಜು, ಇನ್ನೊಬ್ಬರೋ ಇಬ್ಬರೋ ಉಳಿದೆವು. ನರ್ಸರಿಯವರು ಬೇರೆ ಯಾರನ್ನೋ ಗೊತ್ತು ಮಾಡಿಕೊಂಡರು. ಮೇಡಂ ತಾವೇ ಕೊಡ ಹಿಡಿದು ಸರದಿಯಲ್ಲಿ ನಿಲ್ಲತೊಡಗಿದರು. ನಾನು ಕಿತ್ತುಕೊಳ್ಳಲು ಹೋದರೆ "ಬಿಡೇ, ನನ್ನ ಕೊಡ ನಾನೇ ಹೊರ್ತೀನಿ" ಅನ್ನುತ್ತಿದ್ದರು.

ಪೇಪರಿನಲ್ಲಿ ಪಾಸಾದವರ ನಂಬರುಗಳು ಬಂದವು. ನನ್ನದಿತ್ತು. ನಾಗರಾಜುವಿನದಿತ್ತು! ಮೇಡಂ ಅವರದು ಇರಲಿಲ್ಲ. ನಾವಿಬ್ಬರೂ ಸಾಲು ಸಾಲು ಬೆರಳಿಟ್ಟು ಮತ್ತೆ ಮತ್ತೆ ಹುಡುಕಿದೆವು. ಆಮೇಲೆ ಗೊತ್ತಾಯಿತು, ಮೂವತ್ತೊಂದಕ್ಕೆ ನಿಂತಿತ್ತು. ಟೆನ್ಸ್ ಎಲ್ಲ ಸರಿ ಇತ್ತು. ಆದರೆ ಅವರ ಕಾಲದ ಪಾಠ, ಪದ್ಯಗಳೆಲ್ಲ ಬದಲಾಗಿದ್ದವು. ಹೊಸ ಪುಸ್ತಕವನ್ನು ಅತ್ತೆಯ ಕಣ್ಣು ತಪ್ಪಿಸಿ ಎಷ್ಟು ಅಂತ ಓದಿಯಾರು? ಮೇಲಾಗಿ ಆ ಮೊದಲ ಒಂದು ಗಂಟೆ ನೀರು ಪಾಲಾಗಿತ್ತು.

ನಾಗರಾಜು ಮೈಸೂರುಪಾಕಿನ ಪೊಟ್ಟಣ ತಂದವನು ಅದನ್ನು ಬೆನ್ನ ಹಿಂದೆ ಹಿಡಿದು ಜಗಲಿಯ ಮುಂದೆ ನಿಂತ. ಒಳಗೆ ಹೋಗಲೂ ಆಗದು, ವಾಪಸು ಹೋಗಲೂ ಆಗದು. ಮೇಡಂ ಹೊರಗೆ ಬಂದು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. "ತೆಗಿಯೋ ಪೊಟ್ಟಣ" ಅಂತ ತಾವೇ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. "ಇಬ್ಬರೂ ಕೊಡ ಇಳಿಸಿದ್ರಲ್ಲ, ನನಗೆ ಅಷ್ಟು ಸಾಕು" ಅಂದರು. ಸಾಕಾಗಿರಲಿಲ್ಲ. ಕಣ್ಣು ನೋಡಿದರೆ ಯಾರಿಗೂ ಗೊತ್ತಾಗುತ್ತಿತ್ತು. ಆ ಗಡವ ನಾಗರಾಜು ಮೀಸೆ ಹೊತ್ತುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಮಾರನೆಯ ಬೆಳಿಗ್ಗೆ ನೀರಿನ ದಿನ. ಮೇಡಂ ಸರದಿಯಲ್ಲಿ ನಿಂತಿದ್ದರು. ಅವರ ಪಾಳಿ ಬಂದು ಕೊಡ ನಲ್ಲಿಯ ಕೆಳಗೆ ಇಡುವಷ್ಟರಲ್ಲಿ ಚಿಕ್ಕಗಂಗಮ್ಮ ಅದನ್ನು ಕಾಲಿಂದ ಪಕ್ಕಕ್ಕೆ ತಳ್ಳಿ ತನ್ನದನ್ನು ಇಟ್ಟಳು. "ಪುರಾಣ ಹೇಳೋಕೆ, ಬದ್ನೆಕಾಯಿ ತಿನ್ನೋಕೆ! ಎರಡೆರಡು ಸಲ ಡುಮ್ಕಿ ಹೊಡ್ದು ಮೇಡಂ ಅಂತೆ ಮೇಡಂ. ಹಿಂದಕ್ಕೆ ಹೋಗಮ್ಮ" ಅಂದಳು.

ನಮ್ಮಮ್ಮ ಬಾಯಿ ತೆರೆಯುವುದರಲ್ಲಿದ್ದಳು. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಎಷ್ಟೋ ವಾರಗಳ ಮೇಲೆ ಶಿವಗಂಗಮ್ಮನವರು ಜಗಲಿಗೆ ಬಂದರು. ಇಳಿದರು. ನಲ್ಲಿಯ ಹತ್ತಿರ ಅವರು ಬಂದದ್ದನ್ನು ನಾನು ನೋಡಿದ್ದೇ ಅವತ್ತು. ಉರುಳಿದ್ದ ಕೊಡ ಎತ್ತಿಕೊಂಡರು.

"ಸುಳ್ಳು ಹೇಳಿದ್ದು ಇವಳಪ್ಪ. ಹೇಳಿಸ್ಕೊಂಡಾಕಿ ನಾನು. ಜಗಳ ಆಡೋದಿದ್ರೆ ನಾನು ಆಡ್ತೀನಿ, ನಿಂಗೇನವ್ವ ಆಗಿದ್ದು?" ಅಂದರು. "ಆ ಲೇತಿನ ಹುಡುಗನ್ನ ಪಾಸ್ ಮಾಡಿಸಿದಾಕಿ ಯಾರು? ನೀನೇನು? ಸೂಲಗಿತ್ತಿ ತಾನು ಹಡೆದಿದ್ರೇನೇ ಹೆರಿಗಿ ಮಾಡಿಸ್ಬೇಕೇನು? ತೆಗಿ ನಿನ್ನ ಕೊಡ."

ಚಿಕ್ಕಗಂಗಮ್ಮ ತೆಗೆದಳು. ಶಿವಗಂಗಮ್ಮನವರು ಸೊಸೆಯ ಕೊಡ ತುಂಬುವವರೆಗೂ ಅಲ್ಲೇ ನಿಂತರು. ಆಮೇಲೆ ಸೊಸೆಯ ಕಡೆ ತಿರುಗಿದರು. ಅಷ್ಟು ದಿನದ ಮೇಲೆ ಆಡಿದ ಮೊದಲ ಮಾತು ಅದು. "ಮತ್ತೆ ಕಟ್ಟು. ಹದಿನಾಲ್ಕು ವರ್ಷ ನಾನು ಊರಿಗೆಲ್ಲ ಒಂದು ಮಾತು ಹೇಳ್ಕೋತ ಬಂದೀನಿ. ನನ್ನ ಮಾತು ಸುಳ್ಳಾಗಬಾರ್ದು."

ಮೇಡಂ ಕೊಡ ಅಲ್ಲೇ ಬಿಟ್ಟು ಬೀದಿಯಲ್ಲೇ ಅತ್ತೆಯ ಕಾಲು ಹಿಡಿದುಕೊಂಡರು. "ಏಳು, ನೀರು ಚೆಲ್ಲತೈತಿ" ಅಂದರು ಮುದುಕಿ.

ಆ ಚಳಿಗಾಲದಲ್ಲಿ ಜಗಲಿಯ ಪಾಠ ತಲೆ ಕೆಳಗಾಯಿತು. ಎರಡು ಸಲ ಫೇಲಾಗಿ ಮೂರನೇ ಸಲ ಬರೆದವಳಿಗೆ ಪಠ್ಯಪುಸ್ತಕ ಬಾಯಿಪಾಠ ಆಗಿರುತ್ತದೆ, ಗೊತ್ತಲ್ಲ? ಪದ್ಯ, ಪಾಠ, ಸಾರಾಂಶ ಎಲ್ಲ ನಾನು ಮೇಡಂಗೆ ಒಪ್ಪಿಸುತ್ತಿದ್ದೆ, ಅವರು ತಪ್ಪಿದರೆ ಗದರುತ್ತಿದ್ದೆ. ಎಂಥ ಸುಖ! ಪುಸ್ತಕ ಈಗ ಅಕ್ಕಿ ಡಬ್ಬಿಯ ಹಿಂದೆ ಅಲ್ಲ, ಅತ್ತೆಯ ತೊಡೆಯ ಮೇಲೆ ಇರುತ್ತಿತ್ತು. ಅವರಿಗೆ ಒಂದಕ್ಷರ ಬರದಿದ್ದರೂ ಹಿಡಿದುಕೊಂಡು ಕೂರುತ್ತಿದ್ದರು, ಸೊಸೆ ನೋಡಿ ಹೇಳಬಾರದು ಅಂತ. ನಾಗರಾಜು ಪಾಸಾದದ್ದು ಮೂಡಲಪಾಳ್ಯದವರೆಗೂ ಸುದ್ದಿಯಾಗಿತ್ತು. ಇವನನ್ನೇ ದಾಟಿಸಿದವರು ನಮ್ಮನ್ನು ದಾಟಿಸದೆ ಇರುತ್ತಾರಾ ಅಂತ ಹೊಸಬರು ಬಂದರು, ಬಿಟ್ಟು ಹೋದವರೂ ಬಂದರು. ಸಂಕ್ರಾಂತಿಗೆ ಚಿಕ್ಕಗಂಗಮ್ಮ ಎಳ್ಳು ಬೆಲ್ಲ ಕೊಡಲು ಬಂದು, ಹೊರಡುವಾಗ ಮಗಳನ್ನು ಅಲ್ಲೇ ಬಿಟ್ಟು ಹೋದಳು. ಮೇಡಂ ಏನೂ ಅನ್ನಲಿಲ್ಲ. ನಾನಾಗಿದ್ದರೆ ಅನ್ನುತ್ತಿದ್ದೆ.

ಏಪ್ರಿಲ್ ಪರೀಕ್ಷೆಗೆ ಮೇಡಂ ತಮ್ಮ ಶಿಷ್ಯರ ಜೊತೆಯಲ್ಲೇ, ಒಂದೇ ಗುಂಪಾಗಿ ಬಸ್ಸು ಹತ್ತಿ ಹೋದರು. ಹೊರಡುವಾಗ ಶಿವಗಂಗಮ್ಮನವರು ಬೀದಿಗೆ ಕಾಣುವ ಹಾಗೆ ಜಗಲಿಯಲ್ಲೇ ನಿಂತು ಸೊಸೆಯ ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ಮೊಸರು ಸಕ್ಕರೆ ಹಾಕಿದರು. ನಾಗರಾಜು ವರ್ಕ್‌ಶಾಪಿಗೆ ರಜೆ ಹಾಕಿ, ಸ್ಕೂಲಿನ ಗೇಟಿನ ಹೊರಗೆ ಸೈಕಲ್ ನಿಲ್ಲಿಸಿಕೊಂಡು ಮೂರು ಗಂಟೆ ಬಿಸಿಲಲ್ಲಿ ಕಾದ.

ಈ ಸಲ ನಂಬರ್ ಇತ್ತು. ನರ್ಸರಿಯ ಕೆಲಸವೂ ಜೂನ್‌ನಿಂದ ಸಿಕ್ಕಿತು, ಅಲ್ಲಿಗೆ ಗೊತ್ತು ಮಾಡಿದ್ದ ಹುಡುಗಿಗೆ ಮದುವೆಯಾಗಿತ್ತು. ಮಾರ್ಕ್ಸ್ ಕಾರ್ಡ್ ಬಂದ ದಿನ ಶಿವಗಂಗಮ್ಮನವರು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಯಾರೂ ಸರಿ ಮಾಡಿ ಹಿಡಿಸಲಿಲ್ಲ.

ಅದಾದ ಮೇಲೆ ಒಂದು ದಿನ, ನೀರು ಬಂದು ನಿಂತು ಬೀದಿ ಇನ್ನೂ ಒದ್ದೆಯಾಗಿದ್ದ ಹೊತ್ತಿನಲ್ಲಿ, ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬುಟ್ಟಿ ಹೊತ್ತು ಬಂದಳು. ನಮ್ಮ ಬೀದಿಗೆ ಹೊಸಬಳು. ಶಿವಗಂಗಮ್ಮನವರು ಕಂಬಕ್ಕೆ ಒರಗಿ ಕೂತು ಅವಳ ಬುಟ್ಟಿ ಇಳಿಸಿದರು. ನಾನು ಅಲ್ಲೇ ಮೆಟ್ಟಿಲ ಮೇಲಿದ್ದೆ. ಮೇಡಂ ಕೊನೆಯ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಜಗಲಿ ಹತ್ತುತ್ತಿದ್ದರು. ಎರಡು ಮಾತು ಆಗುವುದರೊಳಗೆ ಆ ವಾಕ್ಯ ಬಂದೇ ಬಂತು.

"ನಮ್ ಸೊಸಿ ಎಸ್ಸೆಲ್ಸಿ ಪಾಸಾಗ್ಯಾಳೆ."

ನಾನು ಅಭ್ಯಾಸದಂತೆ ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಮೇಡಂ ಒಳಗೆ ಹೋಗಲಿಲ್ಲ. ಸೊಂಟದ ಕೊಡವನ್ನು ಕೆಳಗಿಟ್ಟರು. ಅತ್ತೆಯ ಪಕ್ಕದಲ್ಲಿ ಕೂತರು. ಪಾತ್ರೆಯವಳ ಬುಟ್ಟಿಗೆ ಕೈ ಹಾಕಿ, "ಆ ದೊಡ್ಡ ಡಬರಿ ತೋರಿಸಮ್ಮ" ಅಂದರು.